ಡಿಕ್ಕಿಯ ಬಲಮೂಲೆ

ಗಾಜಿನ ನಾರಿನ ಚಿಪ್ಪು ಗಟ್ಟಿಯಾಗಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಟಕಟಕ ಎನ್ನುತ್ತಿತ್ತು. ಎಲ್ಲೂ ಅಂಟಿಲ್ಲ, ಎಲ್ಲೂ ಬಿರುಕಿಲ್ಲ. ತೊಂದರೆ ಇದ್ದದ್ದು ಒಂದೇ, ಅದು ಹೊರಗೆ ಬರುತ್ತಿರಲಿಲ್ಲ.

ದವಡೆ ಎಂದೇ ಎಲ್ಲರೂ ಕರೆಯುತ್ತಿದ್ದ ಅವನು ಕಾರಿನ ಡಿಕ್ಕಿಯೊಳಗೆ ಸೊಂಟದವರೆಗೆ ತೂರಿಕೊಂಡು, ಮಂಡಿಯನ್ನು ಬಂಪರಿಗೆ ಒತ್ತಿ, ಚಿಪ್ಪಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಕಾರು ಸ್ಪ್ರಿಂಗಿನ ಮೇಲೆ ಕುಲುಕಾಡಿತು, ಚಿಪ್ಪು ಕದಲಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಿದ. ಸಂದಿಗೆ ಸೋಪಿನ ನೀರು ಬಿಟ್ಟ. ಕೊನೆಗೆ ಹಗ್ಗ ಬಿಗಿದು ಜಗ್ಗಿದ. ಹಗ್ಗ ಜಾರಿ ಅಂಗಾತ ಬಿದ್ದ. ಅಂಗಳದ ಚಪ್ಪಡಿಯ ಮೇಲೆ ಕೂತು ಮೊಣಕೈ ಉಜ್ಜಿಕೊಳ್ಳುತ್ತಿದ್ದಾಗ ವಿಷಯ ಹೊಳೆಯಿತು. ಹೊಳೆದ ಕೂಡಲೇ ಹಣೆ ಚಚ್ಚಿಕೊಳ್ಳುವ ಹಾಗಾಯಿತು.

ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದಕ್ಕೆ ತಕ್ಕಂತೆ ಒಸಡು, ಹಲ್ಲು ಕೂರಿಸಿ ಉಜ್ಜಿ ಹೊಳಪು ಕೊಡುತ್ತಾನೆ. ದವಡೆ ಎಂಬ ಹೆಸರು ಬಂದದ್ದೇ ಅದರಿಂದ. ಮೊದಮೊದಲು ತಮಾಷೆಗೆ ಕರೆಯುತ್ತಿದ್ದರು, ಈಗ ಅವನ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು. ಒಳಗೆ ಅಗಲ, ಬಾಯಲ್ಲಿ ಕಿರಿದು ಆಗಿರುವ ಜಾಗಕ್ಕೆ ಮೇಣ ತುಂಬಿ ಮಟ್ಟ ಮಾಡದೆ ಅಚ್ಚು ಹಾಕಬಾರದು ಎಂಬುದು ಆ ಕಸುಬಿಗೆ ಬಂದವರು ಮೊಟ್ಟಮೊದಲು ಕಲಿಯುವ ಪಾಠ. ಹಾಕಿದರೆ, ಕೊಡದೊಳಗೆ ಕೈಬಿಟ್ಟು ಮುಷ್ಟಿ ಕಟ್ಟಿದಂತೆ, ಅಚ್ಚು ಸಿಕ್ಕಿಕೊಳ್ಳುತ್ತದೆ. ಕಾರಿನ ಹಿಂದಿನ ಚಕ್ರದ ಮೇಲಿನ ಉಬ್ಬಿಗೂ ಹೊರಗಿನ ತಗಡಿಗೂ ನಡುವಿನ ಪೊಟರೆ ಅಂಥದ್ದೇ ಜಾಗ. ಇಷ್ಟು ವರ್ಷ ಬೇರೆಯವರ ಬಾಯಲ್ಲಿ ಮಾಡದ ತಪ್ಪನ್ನು ಅವನು ತನ್ನ ಸ್ವಂತ ಡಿಕ್ಕಿಯಲ್ಲಿ ಮಾಡಿದ್ದ.

ಗೋಡೆಯಾಚೆ ಬೀಗ ರಿಪೇರಿ ಮಾಡುವವನ ಅಂಗಡಿ. ಅವನು ಬೆಳಗಿನಿಂದ ಈ ಎಳೆದಾಟ ನೋಡುತ್ತಿದ್ದವನು ಚಹಾದ ಲೋಟ ಹಿಡಿದೇ ಬಂದು ಡಿಕ್ಕಿಯೊಳಗೆ ಬಗ್ಗಿ ನೋಡಿದ.

"ಕಾರಿಗೆ ಬುದ್ಧಿಹಲ್ಲು ಬಂದಿದೆ ಕಣಯ್ಯಾ," ಎಂದ. "ನಿಂಗಂತೂ ಬರಲಿಲ್ಲ, ಅದಕ್ಕಾದ್ರೂ ಬಂತಲ್ಲ."

ದವಡೆಗೆ ನಗು ಬರಲಿಲ್ಲ. ಇದು ಮೊದಲನೆಯ ಸೋಲಾಗಿದ್ದರೆ ಬರುತ್ತಿತ್ತೇನೋ.

ಅವನಿಗೆ ಬೇಕಾಗಿದ್ದುದು ಡಿಕ್ಕಿಯಲ್ಲಿ ಒಂದು ದೊಡ್ಡ ಸ್ಪೀಕರ್. ಆದರೆ ದೊಡ್ಡ ಸ್ಪೀಕರಿನ ಬೆನ್ನಿಗೆ ಗಾಳಿಯಾಡದ ಪೆಟ್ಟಿಗೆ ಇರಬೇಕು, ಇಲ್ಲದಿದ್ದರೆ ಗೊಗ್ಗರು ಗಂಟಲಿನವನು ಕೆಮ್ಮಿದ ಹಾಗೆ ಸದ್ದು ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಮರದ ಪೆಟ್ಟಿಗೆ ಇಟ್ಟರೆ ಡಿಕ್ಕಿ ಅರ್ಧ ತುಂಬುತ್ತಿತ್ತು. ಡಿಕ್ಕಿಯಲ್ಲಿ ಮಾವನ ಗಾಲಿಕುರ್ಚಿ ಹೋಗಬೇಕು. ಅದಕ್ಕೇ ಗಾಜಿನ ನಾರಿನ, ಅಂದರೆ ಫೈಬರ್ ಗ್ಲಾಸಿನ, ಕೆಲಸಕ್ಕೆ ಕೈಹಾಕಿದ್ದ. ಬಲಮೂಲೆಯಲ್ಲಿ ಚಕ್ರದ ಹಿಂದೆ ಯಾರಿಗೂ ಬೇಡವಾದ ಒಂದು ವಕ್ರ ಜಾಗವಿದೆ. ಅಲ್ಲಿ ಟೇಪು ಮತ್ತು ತೆಳು ಹಾಳೆ ಅಂಟಿಸಿ, ಅದರ ಮೇಲೆ ನಾರಿನ ಚಾಪೆ ಹರಡಿ, ಅಂಟುದ್ರವ ಹಚ್ಚಿ ಒಣಗಿಸಿದರೆ ಮೂಲೆಯ ಆಕಾರದ್ದೇ ಚಿಪ್ಪು ಏಳುತ್ತದೆ. ಮುಂದಕ್ಕೆ ಮುಚ್ಚಳ ಕಟ್ಟಿ ಸ್ಪೀಕರ್ ಕೂರಿಸಿದರೆ ಕುರ್ಚಿಗೆ ಒಂದಿಂಚೂ ಕಡಿಮೆಯಾಗದು. ಹೆಂಡತಿಗೆ ಹಾಗೆಂದೇ ಮಾತು ಕೊಟ್ಟಿದ್ದ. ಬಾಯಿಯ ಅಚ್ಚು ತೆಗೆಯುವವನಿಗೆ ಡಿಕ್ಕಿಯ ಅಚ್ಚು ಯಾವ ಮಹಾ ಎಂದೂ ಹೇಳಿದ್ದ. ಆ ಮಾತು ಈಗ ಅವನನ್ನೇ ಕುಟುಕುತ್ತಿತ್ತು.

ಮೊದಲ ಸಲ ಅಂಟನ್ನು ಗಟ್ಟಿ ಮಾಡುವ ಔಷಧಿ ಹೆಚ್ಚಾಯಿತು. ಡಬ್ಬಿಯಲ್ಲಿದ್ದ ಅಂಟು ಕುಂಚ ಅದ್ದುವುದರೊಳಗೆ ಬಿಸಿಯಾಗಿ, ಹೊಗೆಯಾಡಿ, ಕುಂಚವನ್ನೂ ಸೇರಿಸಿಕೊಂಡು ಕಲ್ಲಾಯಿತು. ಎರಡನೆಯ ಸಲ ಹೆದರಿ ಕಡಿಮೆ ಹಾಕಿದ. ಹವೆಯೂ ತಣ್ಣಗಿತ್ತು. ಅಂಟು ಒಣಗಲೇ ಇಲ್ಲ. ಇವತ್ತು ಒಣಗೀತು, ನಾಳೆ ಒಣಗೀತು ಎಂದು ಮುಟ್ಟಿ ಮುಟ್ಟಿ ನೋಡಿದ, ಬೆರಳಿಗೆ ಜೇನಿನ ಹಾಗೆ ಎಳೆ ಬರುತ್ತಿತ್ತು. ಕೊನೆಗೆ ಅದನ್ನು ಕೆರೆದು ತೆಗೆಯುವಾಗ ಡಿಕ್ಕಿಯ ನೆಲಹಾಸೂ ಕಿತ್ತು ಬಂತು. ಆ ದಿನಗಳಲ್ಲೆಲ್ಲ ಕಾರಿನ ತುಂಬ ತಲೆ ಸಿಡಿಯುವ ವಾಸನೆ. ಮಾವನನ್ನು ವ್ಯಾಯಾಮ ಚಿಕಿತ್ಸೆಗೆ ಟ್ಯಾಕ್ಸಿಯಲ್ಲಿ ಕರೆದೊಯ್ಯಬೇಕಾಯಿತು. ಹೆಂಡತಿ ಟ್ಯಾಕ್ಸಿಯ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡಳು.

ಇಷ್ಟೆಲ್ಲ ಪಾಡು ಯಾಕೆ ಎಂದು ಕೇಳಿದವರಿಗೆ ಅವನು ಹಾಡಿನ ಹುಚ್ಚು ಎನ್ನುತ್ತಿದ್ದ. ಅದು ಅರ್ಧ ನಿಜ. ಉಳಿದರ್ಧ ಹೇಳುವಂಥದ್ದಲ್ಲ.

ಮಾವ ಬದುಕಿಡೀ ಬಟ್ಟೆ ಗಿರಣಿಯ ಮಗ್ಗಗಳ ನಡುವೆ ನಿಂತು ದುಡಿದವರು. ಆ ಗದ್ದಲಕ್ಕೆ ಕಿವಿ ಅರ್ಧ ಮಂದವಾಗಿತ್ತು. ಪಾರ್ಶ್ವವಾಯು ಹೊಡೆದು ಮೈಯ ಬಲಭಾಗ ಬಿದ್ದುಹೋದ ಮೇಲೆ ಮಗಳ ಮನೆಗೆ ಬಂದರು. ಬಂದ ಮೇಲೆ ಕಿವಿಯದು ಇನ್ನೊಂದು ಕಾಟ ಶುರುವಾಯಿತು. ಮಾತು ಸರಿಯಾಗಿ ಕೇಳದು, ಆದರೆ ಚಮಚ ಬಿದ್ದರೆ, ತಟ್ಟೆ ತಾಗಿದರೆ, ಕೀರಲು ಸದ್ದು ಯಾವುದೇ ಆದರೂ ಸೂಜಿ ಚುಚ್ಚಿದ ಹಾಗೆ ಮುಖ ಹಿಂಡುತ್ತಿದ್ದರು. ಹಲ್ಲಿನ ಸೆಟ್ಟು ಉಜ್ಜುವ ಯಂತ್ರದ ಸದ್ದು ಅಂಥದ್ದೇ. ಅದನ್ನು ಅವರು ಮಲಗಿದಾಗ ಹಾಕುವ ಹಾಗಿಲ್ಲ, ಎದ್ದಿರುವಾಗಂತೂ ಹಾಕುವ ಹಾಗೇ ಇಲ್ಲ. ಕೆಲಸ ಮಾಡುವಾಗ ಅವನಿಗೆ ರೇಡಿಯೋ ಬೇಕಿತ್ತು, ಅದೂ ನಿಂತಿತು. ಮನೆಯಲ್ಲಿ ಎಲ್ಲರೂ ಬೆಕ್ಕಿನ ಹೆಜ್ಜೆ ಹಾಕುತ್ತಿದ್ದರು. ಮಾವನಿಗೆಂದು ಅವನೇ ಮಾಡಿಕೊಟ್ಟ ಹಲ್ಲಿನ ಸೆಟ್ಟು ಎರಡು ಸಲ ತಿದ್ದಿದರೂ "ಕಚ್ಚುತ್ತೆ" ಎಂಬ ಒಂದೇ ಮಾತಿನೊಂದಿಗೆ ಲೋಟದೊಳಗೆ ಕೂತಿತ್ತು. ಅವರ ಮೇಲೆ ಸಿಟ್ಟು ಮಾಡುವ ಹಾಗಿಲ್ಲ, ಮಾಡದೆ ಇರಲೂ ಆಗದು. ಕಾರಿನ ಗಾಜು ಏರಿಸಿಕೊಂಡು ಕೂತರೆ ಅಲ್ಲಿಯಾದರೂ ತನ್ನದೆಂಬ ಒಂದು ಹಾಡು ಕೇಳಬಹುದು ಎಂಬುದು ಅವನ ಆಸೆ.

ಸಿಕ್ಕಿಕೊಂಡ ಚಿಪ್ಪನ್ನು ಗರಗಸದಲ್ಲಿ ಕೊಯ್ದೇ ತೆಗೆಯಬೇಕಾಯಿತು. ಬೀಗದವನು ತನ್ನ ಸಣ್ಣ ಗರಗಸ ತಂದುಕೊಟ್ಟ, ಜೊತೆಗೆ ಇನ್ನೊಂದೆರಡು ಜೋಕು. ಎರಡು ಹೋಳಾಗಿ ಹೊರಬಂದ ಚಿಪ್ಪನ್ನು ದವಡೆ, ಸಿಕ್ಕಿಕೊಳ್ಳುತ್ತಿದ್ದ ಉಬ್ಬನ್ನು ಕತ್ತರಿಸಿ ತೆಗೆದು, ಮತ್ತೆ ನಾರಿಟ್ಟು ಬೆಸೆದ. ಮುಂದಿನ ಮುಚ್ಚಳಕ್ಕೆ ಪ್ಲೈವುಡ್ಡಿನ ಬಳೆ ಕೊಯ್ದು, ಕಡ್ಡಿಗಳಿಂದ ಎತ್ತರಿಸಿ ನಿಲ್ಲಿಸಿದ. ಬಳೆಯಿಂದ ಚಿಪ್ಪಿನ ಅಂಚಿಗೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಹೊದಿಸಬೇಕು. ಆ ಬಟ್ಟೆ ಅಂಟು ಕುಡಿದು ಗಟ್ಟಿಯಾದರೆ ಅದೇ ಮುಚ್ಚಳ. ಅವನು ಎಳೆದರೆ ಒಂದು ಕಡೆ ಬಿಗಿಯಾದದ್ದು ಇನ್ನೊಂದು ಕಡೆ ನೆರಿಗೆ ಬೀಳುತ್ತಿತ್ತು. ನೆರಿಗೆ ಹಾಗೇ ಗಟ್ಟಿಯಾದರೆ ಅದನ್ನು ತೀಡಿ ಮಟ್ಟ ಮಾಡುವುದು ಮುಂದಿನ ಜನ್ಮದ ಕೆಲಸ.

ಹೆಂಡತಿ ಮನೆಯಲ್ಲೇ ಕಿಟಕಿ ಪರದೆ, ಸೋಫಾ ಕವರು ಹೊಲಿಯುವವಳು. ಬಟ್ಟೆ ಒಣಹಾಕಲು ಬಂದವಳು ಗಂಡನ ಪರದಾಟ ನೋಡಿ, ಬಕೆಟ್ಟು ಕೆಳಗಿಟ್ಟು, ಬಟ್ಟೆ ಕಿತ್ತುಕೊಂಡಳು. ನೇರ ಎಳೆಯಬಾರದು, ನೇಯ್ಗೆಗೆ ಓರೆಯಾಗಿ ಎಳೆಯಬೇಕು, ಎದುರು ಬದುರು ಎಳೆಯುತ್ತ ಹೋಗಬೇಕು ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದಳು. ನೋಡನೋಡುತ್ತ ಬಟ್ಟೆ ಮೊಟ್ಟೆಯ ಮೈಯಂತೆ ನುಣುಪಾಗಿ ನಿಂತಿತು. ಅವನಿಗೆ ಖುಷಿಯೂ ಆಯಿತು, ಅವಮಾನವೂ ಆಯಿತು. ಚೆನ್ನಾಗಿದೆ ಎನ್ನುವ ಬದಲು ಬಕೆಟ್ಟು ಎತ್ತಿಕೊಟ್ಟ. ಅವರಿಬ್ಬರ ನಡುವೆ ಬಹಳ ದಿನದ ನಂತರ ನಡೆದ ನೆಮ್ಮದಿಯ ಸಂಗತಿ ಅದೊಂದೇ. ಅದೂ ಹೆಚ್ಚು ದಿನ ಬಾಳಲಿಲ್ಲ.

ಚಿಪ್ಪು ಕೊಯ್ದ ದಿನ ಅವನು ತೊಟ್ಟ ಅಂಗಿ ಒಗೆಯುವ ಯಂತ್ರಕ್ಕೆ ಮನೆಯ ಬಟ್ಟೆಗಳ ಜೊತೆ ಬಿದ್ದಿತ್ತು. ಗಾಜಿನ ನಾರಿನ ಪುಡಿ ಕಣ್ಣಿಗೆ ಕಾಣದು. ಎರಡು ದಿನದಲ್ಲಿ ಹೊದಿಕೆ, ಟವೆಲು, ಒಳಅಂಗಿ ಎಲ್ಲದರಿಂದಲೂ ತುರಿಕೆ. ಗಿರಾಕಿಯ ಪರದೆಗೆ ಹಾಕಬೇಕಿದ್ದ ಅಸ್ತರಿನ ಬಟ್ಟೆಯೂ ಅದೇ ನೀರಿನಲ್ಲಿ ಮುಳುಗೆದ್ದಿತ್ತು. ಗಂಡ ಹೆಂಡತಿ ಹೇಗೋ ಕೆರೆದುಕೊಂಡರು. ಮಾವನ ಪಾಡು ಬೇರೆ. ಅವರ ಬಲಭಾಗಕ್ಕೆ ಸ್ಪರ್ಶವೇ ಇಲ್ಲ. ತುರಿಕೆಯೆಲ್ಲ ಎಡಕ್ಕೆ. ಕೆರೆಯಲು ಇರುವ ಕೈಯೂ ಎಡದ್ದೇ. ಎಡಗೈ ಎಡಗೈಯನ್ನು ಹೇಗೆ ಕೆರೆದುಕೊಂಡೀತು? ಅವರು ತೋಳನ್ನು ಕುರ್ಚಿಯ ಹಿಡಿಗೆ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಹೆಂಡತಿ ಆ ತೋಳಿಗೆ ಎಣ್ಣೆ ಹಚ್ಚಿ ಬಂದು, ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದ ಗಂಡನ ಎದುರು ನಿಂತಳು. ಆ ಪೆಟ್ಟಿಗೆಯನ್ನು ಇವತ್ತೇ ಕಸಕ್ಕೆ ಹಾಕು ಎಂದಳು. ಅವನು ಆಗುವುದಿಲ್ಲ ಎಂದ. ಹಾಡು ಕೇಳದಿದ್ದರೆ ಪ್ರಾಣ ಹೋಗುತ್ತದೆಯೇ ಎಂದು ಕೇಳಿದಳು. ಆಗ ಅವನು ಎಷ್ಟೋ ತಿಂಗಳಿನಿಂದ ತಡೆದಿಟ್ಟುಕೊಂಡಿದ್ದುದು ಏರುದನಿಯಲ್ಲಿ ಹೊರಬಂತು.

"ಈ ಮನೇಲಿ ನಾನು ಮೆಷಿನ್ ಹಾಕ್ಬಾರ್ದು. ರೇಡಿಯೋ ಹಾಕ್ಬಾರ್ದು. ಚಮಚ ಬೀಳಿಸ್ಬಾರ್ದು. ಒಂದು ಡಿಕ್ಕಿ ಮೂಲೆ ಕೇಳಿದ್ದೀನಿ. ಅಷ್ಟೂ ಜಾಗ ನಂಗಿಲ್ವಾ?"

"ನಿನ್ನ ಜಾಗ ಯಾರು ಕಿತ್ಕೊಂಡ್ರು? ಹೇಳು. ಬಾಯಿ ಬಿಟ್ಟು ಹೇಳು."

ಅವನ ಕಣ್ಣು ಮಾವನ ಕೋಣೆಯತ್ತ ಹೋಯಿತು, ಅವಳು ಅದನ್ನು ನೋಡಿದಳು. ಕೋಣೆಯ ಬಾಗಿಲು ತೆರೆದಿತ್ತು. ಅವಳು ಲೋಟ ತೊಳೆದು ಬೋರಲು ಹಾಕಿ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಅಂದಿನಿಂದ ಮನೆಯಲ್ಲಿ ಮಾತೂ ನಿಂತಿತು. ಊಟಕ್ಕೆ ಬಾ ಎನ್ನುವುದನ್ನು ತಟ್ಟೆಯೇ ಹೇಳುತ್ತಿತ್ತು, ಅದೂ ಸದ್ದಿಲ್ಲದೆ.

ದವಡೆ ಹಟಕ್ಕೆ ಬಿದ್ದು ಅಂಗಳದಲ್ಲೇ ಉಳಿದ. ಬಟ್ಟೆಗೆ ಅಂಟು ಕುಡಿಸಿದ, ಒಳಗಿನಿಂದ ನಾರು ಮೆತ್ತಿದ, ಮೇಲೆ ಪುಟ್ಟಿ ಬಳಿದ. ಈ ಸಲ ಎಲ್ಲವೂ ಹೇಳಿದ ಹಾಗೆ ಕೇಳಿತು. ಹಾಗೆ ಕೇಳಿದ್ದೇ ಅವನಿಗೆ ಇನ್ನಷ್ಟು ಸಿಡುಕು ತಂದಿತು. ಬೇಕೆಂದಾಗ ಬಾರದ್ದು, ಯಾರ ಜೊತೆಗೂ ಹಂಚಿಕೊಳ್ಳಲಾಗದ ಹೊತ್ತಿಗೆ ಬಂದಿತ್ತು.

ಪುಟ್ಟಿ ತೀಡುತ್ತಿದ್ದಾಗ ಹಿಂದೆ ಚಕ್ರದ ಕಿರುಗುಟ್ಟುವಿಕೆ ಕೇಳಿಸಿತು. ಮಾವ ಒಂದೇ ಕೈಯಲ್ಲಿ ಗಾಲಿ ತಿರುಗಿಸುತ್ತ, ಓರೆಯಾಗಿ, ಗೋಡೆಗೆ ತಾಗುತ್ತ ಬಂದಿದ್ದರು. ಪಾರ್ಶ್ವವಾಯುವಿನ ಮೇಲೆ ಅವರ ಮಾತು ಒಂದೊಂದೇ ತುಂಡಾಗಿ ಬರುತ್ತಿತ್ತು. ಎಡಗೈ ಚಾಚಿದರು.

"ಕೊಡು."

ಏನು ಬೇಕೆಂದು ಅವನಿಗೆ ತಿಳಿಯಲಿಲ್ಲ. ಅವರು ಉಜ್ಜುವ ಕಾಗದದತ್ತ ಗಲ್ಲ ತಿರುಗಿಸಿದರು. ಬೇಡ, ಮತ್ತೆ ತುರಿಕೆಯಾಗುತ್ತದೆ, ಮಗಳು ಬೈಯುತ್ತಾಳೆ ಎಂದು ಅವನು ನಾನಾ ರೀತಿಯಲ್ಲಿ ಹೇಳಿ ನೋಡಿದ. ಕೈ ಹಿಂದೆ ಹೋಗಲಿಲ್ಲ. ಕೊನೆಗೆ ತನ್ನ ಮಳೆಯಂಗಿ ತೊಡಿಸಿ, ಮೂಗಿಗೆ ಮುಸುಕು ಕಟ್ಟಿ, ಕೈಗವಸು ಹಾಕಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟ.

ಮಾವನ ಕೆಲಸ ಕೆಟ್ಟದಾಗಿತ್ತು. ಕೈ ಒಂದೇ ಕಡೆ ಒಂದೇ ಸಮನೆ ಹೋಗಿ ಬರುತ್ತಿತ್ತು, ದುಂಡಗಿರಬೇಕಾದ ಕಡೆ ಚಪ್ಪಟೆ ಬಿತ್ತು. ಪುಟ್ಟಿ ಹೋಗಿ ನಾರು ಕಾಣಿಸಿತು. ದವಡೆ ಅವರು ಒಳಗೆ ಹೋದ ಮೇಲೆ ಮತ್ತೆ ಪುಟ್ಟಿ ಬಳಿದ. ಮರುದಿನ ಅವರು ಮತ್ತೆ ಬಂದು ಅದೇ ಜಾಗವನ್ನು ತೀಡಿದರು. ಇವನು ಮತ್ತೆ ಬಳಿದ. ಹಾಳು ಮಾಡುವವರು ಒಬ್ಬರು, ಸರಿಮಾಡುವವನು ಒಬ್ಬ, ಹೀಗಾದರೆ ಈ ಪೆಟ್ಟಿಗೆ ತನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು ಎನಿಸಿ ಅವನು ತುಟಿ ಕಚ್ಚಿಕೊಂಡ. ಆದರೂ ಒಂದು ದಿನ ತಡೆಯಲಾಗಲಿಲ್ಲ.

"ಮಾವ, ಅಲ್ಲಿ ಸಾಕು. ಚಪ್ಪಟೆ ಆಗ್ತಿದೆ."

"ಗೊತ್ತು," ಎಂದರು ಮಾವ. "ಕೈ ಅಲ್ಲಿಗೇ ಹೋಗುತ್ತೆ."

ಸ್ವಲ್ಪ ಹೊತ್ತು ಮತ್ತೆ ತೀಡಿದರು. ಆಮೇಲೆ ತಲೆ ಎತ್ತದೆ ಹೇಳಿದರು.

"ಅವತ್ತು ಕೇಳಿಸ್ತು. ನೀನು ಅಂದಿದ್ದು."

ದವಡೆಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹಾಗಲ್ಲ ಮಾವ ಎಂದು ಏನೋ ಶುರುಮಾಡಿದ. ಅವರು ಕಾಗದ ಹಿಡಿದ ಕೈಯನ್ನು ಅಡ್ಡ ಆಡಿಸಿದರು.

"ನಂಗೂ ಇಲ್ಲಿರೋಕೆ ಇಷ್ಟ ಇಲ್ಲ. ಬೇರೆ ಎಲ್ಲಿಗೆ ಹೋಗ್ಲಿ?"

ಅದು ದೂರುವ ಮಾತಾಗಿರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರ ದನಿ ಅದು. ದವಡೆ ಎದ್ದು, ಅವರ ತೊಡೆಯ ಮೇಲಿನ ಪೆಟ್ಟಿಗೆಯನ್ನು ಅರ್ಧ ಸುತ್ತು ತಿರುಗಿಸಿ ಇಟ್ಟ. ಈಗ ಅವರ ಕೈ ಹೋಗುವ ಜಾಗದಲ್ಲಿ ಇನ್ನೂ ತೀಡದ ದಿಣ್ಣೆಯಿತ್ತು. ಇಬ್ಬರೂ ಊಟದ ಹೊತ್ತಿನವರೆಗೆ ತೀಡಿದರು. ಮಗಳು ಬಾಗಿಲಿಗೆ ಬಂದು, ಮಳೆಯಂಗಿಯೊಳಗೆ ಬೆವರುತ್ತ ಕೂತ ಅಪ್ಪನನ್ನು ನೋಡಿ, ಒಳಗೆ ಹೋದಳು. ಸಂಜೆ ಪೆಟ್ಟಿಗೆಗೆ ಹೊದಿಸಲು ಒಂದು ತುಂಡು ಕಪ್ಪು ಬಟ್ಟೆ ಕಾರಿನ ಬಾನೆಟ್ಟಿನ ಮೇಲೆ ಮಡಿಚಿಟ್ಟಿತ್ತು.

ಪೆಟ್ಟಿಗೆ ಮೂಲೆಯಲ್ಲಿ ಕೂತಿತು. ಕೀಲಿಯ ರಂಧ್ರದಲ್ಲಿ ಕೀಲಿ ಕೂತ ಹಾಗಿದೆ ಎಂದು ಬೀಗದವನೇ ಒಪ್ಪಿದ. ಆದರೆ ಗಾಲಿಕುರ್ಚಿ ಮಡಿಚಿ ಒಳಗಿಟ್ಟರೆ ಡಿಕ್ಕಿಯ ಬಾಗಿಲು ಮುಚ್ಚಲಿಲ್ಲ. ದವಡೆ ಕುರ್ಚಿಯ ಅಳತೆಯನ್ನು ಕಾಲಿಡುವ ಪಟ್ಟಿ ಬಿಟ್ಟು ತೆಗೆದಿದ್ದ. ಅಳತೆ ತೆಗೆದವರು ಯಾರು ಎಂದು ಹೆಂಡತಿ ಕೇಳಿದಳು. ಜಗಳದ ನಂತರ ಅವಳಾಡಿದ ಮೊದಲ ಮಾತು ಅದು, ಹಾಗಾಗಿ ಅವನಿಗೆ ಬೈಗುಳವೂ ಸಿಹಿಯಾಗಿಯೇ ಕೇಳಿಸಿತು. ಕಾಲುಪಟ್ಟಿಯನ್ನು ಪ್ರತಿ ಸಲ ಬಿಚ್ಚಿ ಹಿಂದಿನ ಸೀಟಿನಲ್ಲಿಡುವುದೆಂದು ತೀರ್ಮಾನವಾಯಿತು. ಕೊಟ್ಟ ಮಾತು ಮುರಿದದ್ದಂತೂ ಮುರಿದಿತ್ತು.

ವೈರು ಜೋಡಿಸಿ ಹಾಡು ಹಾಕಿದ. ದನಿ ತುಂಬಿ ಬಂತು, ಅದರ ಹಿಂದೆಯೇ ಎಲ್ಲೋ ಜಿರ್ರೆಂಬ ಸದ್ದು. ನಂಬರ್ ಪ್ಲೇಟು ನಡುಗುತ್ತಿತ್ತು. ಅದಕ್ಕೆ ರಬ್ಬರು ಕೊಟ್ಟ ಮೇಲೆ ಡಿಕ್ಕಿಯ ಚಿಲಕ, ಅದಾದ ಮೇಲೆ ಜಾಕಿ. ಅವನು ಹಾಡು ಕೇಳಲು ಕೂತರೆ ಕಿವಿ ಹಾಡನ್ನು ಬಿಟ್ಟು ಜಿರ್ರೆನ್ನುವುದನ್ನೇ ಹುಡುಕುತ್ತಿತ್ತು. ಇಷ್ಟು ದಿನ ಹಂಬಲಿಸಿದ್ದು ಕೈಗೆ ಬಂದಾಗ ಅದರಲ್ಲಿ ಕುಂದು ಮಾತ್ರ ಕೇಳಿಸುವುದು ಯಾವ ಶಾಪವೋ ಎಂದುಕೊಂಡ.

ವಾಸನೆ ಪೂರ್ತಿ ಆರಿದ ಮೇಲೆ ಮಾವನನ್ನು ಚಿಕಿತ್ಸೆಗೆ ಕರೆದೊಯ್ಯುವಾಗ ಅವನು ಹಾಡು ಹಾಕುವ ಯೋಚನೆ ಮಾಡಲೇ ಇಲ್ಲ. ಅರ್ಧ ದಾರಿಯಲ್ಲಿ ಮಾವನೇ ಗುಂಡಿಯತ್ತ ಬೆರಳು ತೋರಿಸಿದರು. ಅವನು ಹೆದರಿಕೊಂಡು, ಕೀರಲು ದನಿಯನ್ನೆಲ್ಲ ಇಳಿಸಿ, ದಪ್ಪ ದನಿ ಮಾತ್ರ ಉಳಿಸಿ ಹಾಕಿದ. ಮಾವ ಮುಖ ಹಿಂಡಲಿಲ್ಲ. ಸೀಟಿಗೆ ತಲೆಯಾನಿಸಿದರು.

"ಕಿವಿಗೆ ಹೋಗಲ್ಲ ಇದು," ಎಂದರು. "ಬೆನ್ನಿಗೆ ಹೋಗುತ್ತೆ."

ಬಲತೊಡೆಯಲ್ಲೂ ಏನೋ ಗುಂಯ್ ಎನ್ನುತ್ತಿದೆ ಎಂದು ಚಿಕಿತ್ಸೆಯವಳಿಗೆ ಅವರು ಕಷ್ಟಪಟ್ಟು ವಿವರಿಸಿದರು. ಅವಳು ತೊಡೆ ಮುಟ್ಟಿ, ಒತ್ತಿ, ಅದರಿಂದ ಏನನ್ನೂ ಅಂದುಕೊಳ್ಳಬೇಡಿ ಎಂದು ಸ್ಪಷ್ಟವಾಗಿ ಹೇಳಿದಳು. ಮಾವ ತಲೆಯಾಡಿಸಿದರು. ಆದರೆ ಮನೆಗೆ ಬಂದ ಮೇಲೆ ಕಾರಿನಿಂದ ಇಳಿಯಲು ಒಪ್ಪಲಿಲ್ಲ.

ಅಂದಿನಿಂದ ದಿನಾ ಸಂಜೆ ಅದೇ ಪಾಠ. ಅವರನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಬೇಕು, ಗಾಜು ಇಳಿಸಬೇಕು, ಅವರಿಗೆ ಬೇಕಾದ ಹಾಡನ್ನೇ ಹಾಕಬೇಕು. ಕತ್ತಲಾಗುವವರೆಗೆ ಅವರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ದವಡೆ ತನಗೆಂದು ಕಟ್ಟಿಕೊಂಡ ಮೂಲೆಗೆ ಅವನಿಗೇ ಪ್ರವೇಶವಿಲ್ಲವಾಯಿತು. ಹೆಂಡತಿಯ ಬಳಿ ಗೊಣಗಿದ. ಅವಳು ಸೂಜಿಗೆ ದಾರ ಪೋಣಿಸುತ್ತ, ಈಗ ಮನೆ ಖಾಲಿ ಇದೆಯಲ್ಲ, ನಿನ್ನ ಮೆಷಿನ್ ಹಾಕಿಕೋ ಎಂದಳು. ಅದು ಅವನಿಗೆ ಹೊಳೆದೇ ಇರಲಿಲ್ಲ. ತಿಂಗಳುಗಟ್ಟಲೆ ಬಾಕಿಯಿದ್ದ ಹಲ್ಲುಗಳು ಆ ವಾರ ಹೊಳಪು ಕಂಡವು. ಹಳೆಯ ರೇಡಿಯೋ ತಗಡಿನ ದನಿಯಲ್ಲಿ ಹಾಡಿತು. ಒಳ್ಳೆಯ ದನಿ ಅಂಗಳದಲ್ಲಿತ್ತು, ಅದರ ಗುದ್ದಿಗೆ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು.

ಚಿಕಿತ್ಸೆಗೆ ಹೋಗಬೇಕಾದ ಇನ್ನೊಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಸಂಜೆಗಳು ಬ್ಯಾಟರಿಯನ್ನು ಕುಡಿದು ಮುಗಿಸಿದ್ದವು. ಮಾವ ಮುಂದಿನ ಸೀಟಿನಲ್ಲಿ ಪಟ್ಟಿ ಬಿಗಿದುಕೊಂಡು ಕೂತಾಗಿತ್ತು. ಹೆಂಡತಿ ಸ್ಟೇರಿಂಗಿಗೆ ಕೂತಳು. ದವಡೆ ಮತ್ತು ಬೀಗದವನು ಹಿಂದಿನಿಂದ ಭುಜ ಕೊಟ್ಟರು. ಬೀಗದವನು ಈ ಸಲ ಜೋಕು ಹೇಳಲಿಲ್ಲ, ಅವನಿಗೆ ಉಸಿರಿರಲಿಲ್ಲ. ಅಂತೂ ಬೀದಿಯ ಇಳಿಜಾರು ಸಿಕ್ಕಿತು. ಕಾರು ಒಮ್ಮೆ ಕೆಮ್ಮಿತು, ಜಗ್ಗಿತು, ಸ್ಟಾರ್ಟ್ ಆಯಿತು. ನಿಲ್ಲಿಸಿದರೆ ಎಂಜಿನ್ ಮತ್ತೆ ನಿಂತೀತೆಂದು ಹೆಂಡತಿ ನಿಲ್ಲಿಸಲಿಲ್ಲ. ನೀನು ಮನೆಯಲ್ಲಿರು ಎಂಬಂತೆ ಕಿಟಕಿಯಿಂದ ಕೈಬೀಸಿ ತಿರುವಿನಲ್ಲಿ ಮರೆಯಾದಳು.

ದವಡೆ ಬೆವರೊರೆಸಿಕೊಂಡು ಮನೆಗೆ ಬಂದ. ಮನೆ ಖಾಲಿಯಿತ್ತು, ಮೇಜಿನ ಮೇಲೆ ಯಾರದೋ ಕೆಳದವಡೆ ಕಾಯುತ್ತಿತ್ತು. ಅವನು ಯಂತ್ರದ ಗುಂಡಿ ಒತ್ತಲಿಲ್ಲ. ಮೊದಲು ಬ್ಯಾಟರಿ ಅಂಗಡಿಗೆ ಫೋನು ಮಾಡಿ, ಇದಕ್ಕಿಂತ ದೊಡ್ಡದು ಯಾವುದಿದೆ ಎಂದು ಕೇಳಿದ. ಎಷ್ಟು ಹೊತ್ತು ಹಾಡು ಹಾಕುತ್ತೀರಿ ಎಂದು ಅಂಗಡಿಯವನು ಕೇಳಿದಾಗ, ತಾನು ಹಾಕುವುದಿಲ್ಲ, ಮನೆಯಲ್ಲಿ ಹಿರಿಯರಿದ್ದಾರೆ ಎಂದ.